ಕುದುರೆ ಮನೆಗೆ ಬರುವ ಸೀನು

ಬ್ಯಾಡಗಿಯಲ್ಲಿ ಒಬ್ಬನ ಹೊರತು ಯಾರೂ ನೋಡಿರದ ಒಂದು ಇಂಗ್ಲಿಷ್ ಪಿಕ್ಚರಿನ ಬಗ್ಗೆ ಇಡೀ ಮೆಣಸಿನಕಾಯಿ ಪೇಟೆಗೆ ಅಭಿಪ್ರಾಯಗಳಿದ್ದವು. ನೋಡಿದ ಆ ಒಬ್ಬ ನನ್ನ ಸೋದರಮಾವ. ಮಾಮಾ ಹರೆಯದಲ್ಲಿ ಒಮ್ಮೆ ಗೋಣಿಚೀಲದ ಖರೀದಿಗೆಂದು ಹುಬ್ಬಳ್ಳಿಗೆ ಹೋದವನು, ರೈಲಿಗೆ ಇನ್ನೂ ಹೊತ್ತಿದೆ ಎಂದು ಟಾಕೀಸಿಗೆ ಹೊಕ್ಕು, ಮೂರು ತಾಸಿನ ಕುದುರೆ ಪಿಕ್ಚರು ನೋಡಿ, ರೈಲು ತಪ್ಪಿಸಿಕೊಂಡು ಬಂದಿದ್ದ. ಅಲ್ಲಿಂದ ಮುಂದೆ ಮೂವತ್ತು ವರ್ಷ ಅದನ್ನು ಹೇಳುತ್ತಲೇ ಇದ್ದ. ಪೇಟೆಯಲ್ಲಿ ಅವನದು ದಲಾಲಿ ಅಂಗಡಿ, ಅಂದರೆ ರೈತರು ತಂದ ಮಾಲನ್ನು ಖರೀದಿದಾರರಿಗೆ ತೋರಿಸಿ ಮಾರಿಸಿಕೊಡುವ ಕೆಲಸ. ಖರೀದಿದಾರರು ಚೀಟಿಯಲ್ಲಿ ದರ ಬರೆದು ಹಾಕುವ ಟೆಂಡರಿನ ಫಲಿತಾಂಶ ಬರುವ ತನಕ ರೈತರು, ಹಮಾಲರು, ಪಕ್ಕದ ಅಂಗಡಿಯ ಸಾಹುಕಾರರು ಅವನ ಗಾದಿಯ ಸುತ್ತ ಕೂತರೆ ಚಹಾದ ಜೊತೆಗೆ ಪಿಕ್ಚರೂ ಶುರುವಾಗುತ್ತಿತ್ತು.

ಕಥೆ ಇಷ್ಟು. ಒಬ್ಬ ಒಂಟಿ ಕುದುರೆ ಸವಾರ ನೂರಾರು ದನಗಳನ್ನು ಮರಳುಗಾಡು ದಾಟಿಸಿ, ಹೊಸದಾಗಿ ರೈಲು ಬಂದ ಊರಿಗೆ ಹೊಡೆದುಕೊಂಡು ಹೊರಟಿರುತ್ತಾನೆ. ನಡುದಾರಿಯಲ್ಲಿ ಒಬ್ಬ ವಿಧವೆಯ ಖಾನಾವಳಿ. ಸುತ್ತಲಿನ ಸೀಮೆಗೆಲ್ಲ ಇರುವುದು ಅವಳ ಹಿತ್ತಲಿನ ಬಾವಿ ಒಂದೇ. ಆ ಬಾವಿಯ ಮೇಲೆ ಒಬ್ಬ ದುಷ್ಟ ಶ್ರೀಮಂತನ ಕಣ್ಣು. ಸವಾರ ದನಗಳನ್ನು ಅಲ್ಲೇ ನಿಲ್ಲಿಸಿ, ಹೆಂಗಸಿನ ಪರವಾಗಿ ನಿಂತು, ಕೊನೆಗೆ ಆ ಶ್ರೀಮಂತನನ್ನು ಎದುರುಬದುರು ನಿಂತು ಹೊಡೆದು ಹಾಕುತ್ತಾನೆ.

ಇಷ್ಟಕ್ಕೇ ಮುಗಿದರೆ ಅದೂ ಹತ್ತರ ಜೊತೆಗೆ ಹನ್ನೊಂದನೆಯ ಪಿಕ್ಚರು. ಮಾಮಾನ ಪಿಕ್ಚರಿನ ಜೀವ ಇದ್ದದ್ದು ಕೊನೆಯ ಸೀನಿನಲ್ಲಿ. ಗೆದ್ದ ಸವಾರ ಹೊಟ್ಟೆಯಲ್ಲಿ ಗುಂಡು ಇಟ್ಟುಕೊಂಡೇ, ಯಾರಿಗೂ ಹೇಳದೆ ಹೊರಟುಬಿಡುತ್ತಾನೆ. ಹೊತ್ತು ಮುಳುಗುವ ವೇಳೆಗೆ ಖಾನಾವಳಿಯ ಬಾಗಿಲ ಮುಂದೆ ಸಪ್ಪಳವಾಗುತ್ತದೆ. ಬಾಗಿಲು ತೆಗೆದರೆ ಕುದುರೆ ಒಂದೇ ಬಂದು ನಿಂತಿದೆ. ಬೆನ್ನು ಖಾಲಿ. ಹಗ್ಗ ನೆಲದ ಮೇಲೆ ಎಳೆಯುತ್ತಿದೆ. ಆ ಹೆಂಗಸು ಅಳುವುದಿಲ್ಲ, ಕೂಗುವುದಿಲ್ಲ. ಒಳಗೆ ಹೋಗಿ ಒಂದು ಬಕೀಟು ನೀರು ತಂದು ಮೊದಲು ಕುದುರೆಗೆ ಕುಡಿಸುತ್ತಾಳೆ. ಅದು ಕುಡಿದು ಮುಗಿಸುವ ತನಕ ಅದರ ಕುತ್ತಿಗೆ ತಿಕ್ಕುತ್ತಾ ನಿಲ್ಲುತ್ತಾಳೆ. ಆಮೇಲೆ ಕಂದೀಲು ಹಚ್ಚಿಕೊಂಡು ದಾರಿ ಹಿಡಿಯುತ್ತಾಳೆ. ಇಲ್ಲಿಗೆ ಬಂದಾಗ ಮಾಮಾ ದನಿ ಇಳಿಸುತ್ತಿದ್ದ, ಚಹಾ ಆರಿಹೋಗುತ್ತಿತ್ತು.

ಹಮಾಲರ ಮುಖಂಡ, ಎರಡು ಚೀಲವನ್ನು ಒಮ್ಮೆಗೇ ಎತ್ತುವ ಆಸಾಮಿ, ಪ್ರತಿ ಸಲವೂ ಇಲ್ಲಿ ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಪಕ್ಕದ ಅಂಗಡಿಯ ಸಾಹುಕಾರರಿಗೆ ಮಾತ್ರ ಆ ಹೆಂಗಸಿನ ಮೇಲೆ ತೀರದ ಸಿಟ್ಟು.

"ಅಲ್ಲಿ ಗಂಡಸು ಬಿದ್ದು ಒದ್ದಾಡಾಕತ್ತಾನ, ಈಕಿ ಇಲ್ಲಿ ಕುದುರಿಗೆ ನೀರು ಕುಡಿಸ್ಕೋತ ನಿಂತಾಳ. ಮನಸ್ಸು ಅನ್ನೋದು ಐತೇನ ಆಕಿಗೆ?"

"ಮೂಕ ಪ್ರಾಣಿ ರೀ ಸಾಹುಕಾರ್ರ. ಬಾಯಾರಿ ಬಂದಿರ್ತೈತಿ," ಎಂದ ಮುಖಂಡ.

"ಬಾಯಾರಿದ್ದು ಇನ್ನೊಂದು ಅರ್ಧಾ ತಾಸು ತಡೀತಿತ್ತು. ಗಂಡಸು ತಡೀತಾನೇನು?"

ಇದು ವರ್ಷಗಟ್ಟಲೆ ನಡೆದ ವ್ಯಾಜ್ಯ. ನೀರು ಮೊದಲು ಎನ್ನುವವರು, ದಾರಿ ಮೊದಲು ಎನ್ನುವವರು ಎಂದು ಪೇಟೆಯಲ್ಲಿ ಎರಡು ಬಣಗಳಿದ್ದವು. ನಾನು ಸಣ್ಣವಳಿದ್ದಾಗ ರಜೆಗೆ ಬಂದು ಮೆಣಸಿನಕಾಯಿ ಚೀಲದ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ನನ್ನದು ಮುಖಂಡನ ಬಣ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ರಾಣೆಬೆನ್ನೂರಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸಕ್ಕೆ ಸೇರಿ ಅಲ್ಲೇ ಒಂದು ಖೋಲಿ ಮಾಡಿಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಸಿಡಿ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅಂಗಡಿಯವನಿಗೆ ಹಳೆಯ ಇಂಗ್ಲಿಷ್ ಪಿಕ್ಚರುಗಳ ಹುಚ್ಚು. ಮಾಮಾ ಹೇಳುತ್ತಿದ್ದ ಪಿಕ್ಚರಿನ ಹೆಸರಿನಲ್ಲಿ ಮೂಲದ ಎರಡಕ್ಷರವೂ ಸರಿಯಾಗಿ ಉಳಿದಿರಲಿಲ್ಲವಾದ್ದರಿಂದ ನಾನು ಕಥೆಯನ್ನೇ ಹೇಳಿದೆ. ದನ, ಮರಳುಗಾಡು, ವಿಧವೆ, ಬಾವಿ ಎನ್ನುವುದರೊಳಗೆ ಅವನು ನಕ್ಕು, ಬೆಂಗಳೂರಿನಿಂದ ತರಿಸಿಕೊಡುತ್ತೇನೆ ಎಂದ. ತರಿಸಿಯೂ ಕೊಟ್ಟ. ನಾನು ಕುಣಿಯುತ್ತ ಅದನ್ನು ಖೋಲಿಗೆ ತಂದು, ಬಾಗಿಲು ಹಾಕಿಕೊಂಡು ನೋಡಲು ಕೂತೆ.

ದನಗಳು ಬಂದವು. ಬಾವಿ ಬಂತು. ವಿಧವೆ ಮಾಮಾ ಹೇಳಿದ ಹಾಗೆಯೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಮಾಮಾ ಹೇಳಿದ ಹಾಗೆಯೇ ಶ್ರೀಮಂತ ಬೂಟಿನಿಂದ ಬಕೀಟು ಒದ್ದ. ಇಷ್ಟೊಂದು ವರ್ಷಗಳ ಹಿಂದೆ ಒಮ್ಮೆ ನೋಡಿದ್ದನ್ನು ಒಂದು ಹುಲ್ಲುಕಡ್ಡಿಯೂ ಆಚೀಚೆ ಆಗದಂತೆ ನೆನಪಿಟ್ಟಿದ್ದಾನಲ್ಲ ಎಂದು ನನಗೆ ಹೆಮ್ಮೆ ಎನ್ನಿಸಿತು. ಕೊನೆಗೆ ಸವಾರ ಗೆದ್ದ. ಅವನ ಹೊಟ್ಟೆಗೆ ಗುಂಡು ಬಿದ್ದಿರಲಿಲ್ಲ. ಟೋಪಿ ಸರಿಮಾಡಿಕೊಂಡು ಕುದುರೆ ಹತ್ತಿ, ದನಗಳ ಹಿಂದೆ ಧೂಳಿನಲ್ಲಿ ಹೊರಟುಹೋದ. ವಿಧವೆ ನೋಡುತ್ತ ನಿಂತಳು. ಹಾಡಿನಂಥ ಏನೋ ಒಂದು ಸಂಗೀತ ಬಂತು, ಹೆಸರುಗಳು ಬಂದವು, ಮುಗಿಯಿತು. ಕುದುರೆ ಬರಲೇ ಇಲ್ಲ. ಎರಡನೆಯ ಸಲ ನೋಡಿದೆ, ಆಗಲೂ ಬರಲಿಲ್ಲ.

ಮರುದಿನ ಇಂಟರ್‌ನೆಟ್ ಅಂಗಡಿಗೆ ಹೋಗಿ ಆ ಪಿಕ್ಚರಿನ ಬಗ್ಗೆ ಇಂಗ್ಲಿಷಿನಲ್ಲಿ ಯಾರು ಯಾರು ಏನು ಬರೆದಿದ್ದಾರೋ ಎಲ್ಲ ಓದಿದೆ. ಬಂದ ಹೊಸತರಲ್ಲಿ ವಿಮರ್ಶಕರು ಅದನ್ನು ಆಮೆ ನಡಿಗೆಯದು ಎಂದು ಬೈದಿದ್ದರು. ಮುಂದೆ ಅದೇ ಜಾತಿಯ ವಿಮರ್ಶಕರು ಆ ನಿಧಾನವನ್ನೇ ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಒಬ್ಬರಿಗೆ ಅದು ಒಂದು ಯುಗದ ಅಂತ್ಯ, ಇನ್ನೊಬ್ಬರಿಗೆ ನಿರ್ದೇಶಕನ ಸೊಕ್ಕು. ಮತ್ತೊಬ್ಬರು ಧೂಳಿನ ಬಗ್ಗೆಯೇ ಪುಟಗಟ್ಟಲೆ ಬರೆದಿದ್ದರು. ಇವರನ್ನೆಲ್ಲ ಒಂದು ಮಧ್ಯಾಹ್ನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೋಸಲು ಕೂಡಿಸಿದರೆ ಧೂಳು ಅಂದರೇನೆಂದು ಗೊತ್ತಾದೀತು ಎಂದುಕೊಂಡೆ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಉದ್ದದ ಪ್ರತಿಗಳು ಓಡಿದ್ದವೆಂದು ಓದಿದಾಗ ಒಂದಿಷ್ಟು ಆಸೆ ಹುಟ್ಟಿತು. ಆದರೆ ಕಡಿದು ಹಾಕಿದ ಸೀನುಗಳ ವಿವರದಲ್ಲೂ ಕುದುರೆ ಮನೆಗೆ ಬರುವುದಿರಲಿಲ್ಲ.

ನನಗೆ ದಿಗಿಲಾಯಿತು. ಮಾಮಾನ ಕಸುಬೇ ಮಾತಿನ ಮೇಲೆ ನಿಂತದ್ದು. ಅವನು ಮಾಲು ಚಲೋ ಇದೆ ಎಂದರೆ ಖರೀದಿದಾರರು ಚೀಲದ ಬುಡಕ್ಕೆ ಕೈ ಹಾಕಿ ನೋಡುತ್ತಿರಲಿಲ್ಲ. ಮೇಲೆ ಕೆಂಪು ಕಾಯಿ ತುಂಬಿ ಬುಡದಲ್ಲಿ ಬಿಳಿಗಾಯಿ ಸೇರಿಸುವವರನ್ನು 'ಮ್ಯಾಲೊಂದು ಬುಡಕೊಂದು' ಎನ್ನುತ್ತಾರೆ. ಪೇಟೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಮಾಮಾ ಮೂವತ್ತು ವರ್ಷ ಮಾರಿದ ಪಿಕ್ಚರಿನ ಬುಡದಲ್ಲಿ ಅವನು ಹೇಳಿದ ಮಾಲೇ ಇರಲಿಲ್ಲ.

ಮಾಮಾನಿಗೆ ಮೆಲ್ಲಗೆ ತಿಳಿಸೋಣ ಎಂದು ರವಿವಾರ ಬ್ಯಾಡಗಿಗೆ ಹೋದೆ. ಡಿಸ್ಕು ಸಿಕ್ಕಿದೆ ಎಂದು ನಾನು ಫೋನಿನಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಗಿತ್ತು. ಹೋಗುವಷ್ಟರಲ್ಲಿ ಮುಂದಿನ ರವಿವಾರ ಮಧ್ಯಾಹ್ನ ತನ್ನ ಗೋದಾಮಿನಲ್ಲಿ ಪಿಕ್ಚರು ತೋರಿಸುವುದೆಂದು ಮಾಮಾ ಪೇಟೆಗೆಲ್ಲ ಹೇಳಿ ಮುಗಿಸಿದ್ದ.

"ಮಾಮಾ, ಮೊದಲ ನೀ ಒಬ್ಬನ ಕುಂತು ನೋಡು. ಆಮ್ಯಾಲೆ ಮಂದಿಗೆ ತೋರಿಸೂಣಂತ," ಎಂದೆ.

"ಒಬ್ಬನ ನೋಡಾಕ ನಾ ಏನು ರೋಗಿಷ್ಟನೇನು? ಹಾವೇರಿ ಸರ್‌ಗೂ ಫೋನ್ ಮಾಡೇನಿ. ಬರ್ತೀನಿ ಅಂದಾರ. ಇಷ್ಟು ದಿನಾ ಬಾಯಿಲೆ ತೋರಿಸೇನಿ, ಈಗ ಕಣ್ಣಿಲೆ ನೋಡ್ಲಿ. ನೀ ಮೈಕ್ ಹಿಡಕೊಂಡು ಕನ್ನಡದಾಗ ಹೇಳಬೇಕು ಮತ್ತ, ನಮ್ಮ ಮಂದಿಗೆ ಇಂಗ್ಲಿಷ್ ಎಲ್ಲಿ ತಿಳೀಬೇಕು."

ಹಾವೇರಿ ಸರ್ ಎಂದರೆ ನಿವೃತ್ತ ಅಧ್ಯಾಪಕರು. ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದರು. ಹಾವೇರಿ ಜಿಲ್ಲೆಯಲ್ಲಿ ಅವರು ಮೆಚ್ಚಿದ ಪಿಕ್ಚರು ಓಡುವುದಿಲ್ಲ ಎಂಬ ಖ್ಯಾತಿ ಅವರಿಗಿತ್ತು. ಅವರ ಮುಂದೆಯೇ ಮಾಮಾನ ಮಾನ ಹೋಗಬೇಕೇ ಎಂದು ನನಗೆ ಸಂಕಟವಾಗಿ ನೇರ ಅಡುಗೆಮನೆಗೆ ನಡೆದೆ. ಅತ್ತೆ, ಮಾಮಾನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವಳ ಕೈ ಒಂದು ಗಳಿಗೆ ನಿಂತಿತು.

"ಆ ಸೀನ್ ಇಲ್ಲ?"

"ಇಲ್ಲತ್ತಿ. ಎರಡು ಸಲ ನೋಡೇನಿ. ಮಾಮಾಗ ನೀವ ಹೇಳ್ರಿ, ಬ್ಯಾಡ ಅಂತ."

"ಯಾಕ ಬ್ಯಾಡ? ನೋಡ್ಲಿ. ಒಮ್ಮೆರ ನೋಡ್ಲಿ ಅವ್ರು," ಎಂದು ಅತ್ತೆ ಮತ್ತೆ ರೊಟ್ಟಿಗೆ ಕೈ ಹಚ್ಚಿದಳು.

"ಮಂದಿ ಮುಂದ ಮರ್ಯಾದಿ ಹೋಗ್ತೈತಿ."

"ಹೋಗೂದಿಲ್ಲ. ನೀ ಸುಮ್ಮನ ಬಿಸಿ ರೊಟ್ಟಿ ತಿನ್ನು."

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಗಂಡನ ಮಾನಕ್ಕಿಂತ ಹಂಚಿನ ಮೇಲಿನ ರೊಟ್ಟಿ ಸೀಯುವುದೇ ಈಕೆಗೆ ದೊಡ್ಡದಾಯಿತಲ್ಲ ಎಂದುಕೊಂಡೆ. ರೊಟ್ಟಿ ಮಾತ್ರ ಸಿಟ್ಟಿನಲ್ಲೂ ಮೂರು ತಿಂದೆ.

ಮುಂದಿನ ರವಿವಾರ ಗೋದಾಮಿನ ಚೀಲಗಳನ್ನು ಗೋಡೆಗೆ ಒಟ್ಟಿ, ನಡುವೆ ತಾಡಪತ್ರಿ ಹಾಸಿದ್ದರು. ರಾಣೆಬೆನ್ನೂರಿನಲ್ಲಿ ಮದುವೆ ವಿಡಿಯೋ ತೆಗೆಯುವವನಿಂದ ನಾನೇ ಪ್ರೊಜೆಕ್ಟರು ತಂದಿದ್ದೆ. ಮಾಮಾನ ಎರಡು ಬಿಳಿ ಧೋತರಗಳನ್ನು ಜೋಡಿಸಿ ಹೊಲಿದದ್ದೇ ಪರದೆ. ಬೆಳಕು ಬರಬಾರದೆಂದು ಶಟರುಗಳನ್ನು ಪೂರ್ತಿ ಎಳೆದರು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಣ್ಣುಮಕ್ಕಳು. ಅವರಿಗೂ ಮಾಮಾ ಕರೆ ಕೊಟ್ಟಿದ್ದ. ಆದರೆ ಕೈ ಖಾಲಿ ಇಟ್ಟುಕೊಂಡು ಮೂರು ತಾಸು ಕೂರುವುದು ಅವರಿಗೆ ಗೊತ್ತಿರಲಿಲ್ಲ. ತಲೆಗೊಂದು ರಾಶಿ ಕಾಯಿ ಮುಂದೆ ಹರವಿಕೊಂಡು, ಪರದೆ ನೋಡುತ್ತಲೇ ಚಟಚಟ ತೊಟ್ಟು ಮುರಿಯತೊಡಗಿದರು. ಅತ್ತೆಯೂ ಅವರ ನಡುವೆ ಕೂತಿದ್ದಳು.

ಮುಂದಿನ ಕುರ್ಚಿಯಲ್ಲಿ ಹಾವೇರಿ ಸರ್, ಅವರ ಪಕ್ಕದಲ್ಲಿ ಇಸ್ತ್ರಿ ಅಂಗಿಯ ಮಾಮಾ. ಪರದೆಯ ಬದಿಯಲ್ಲಿ ಮೈಕು ಹಿಡಿದು ನಾನು. ಸವಾರ ಎಡ ಧೋತರದಿಂದ ಬಲ ಧೋತರಕ್ಕೆ ದಾಟುವಾಗ ಹೊಲಿಗೆಯ ಹತ್ತಿರ ಸೊಂಟದಲ್ಲಿ ಸಣ್ಣಗೆ ಮುರಿದು ಮತ್ತೆ ಕೂಡಿಕೊಳ್ಳುತ್ತಿದ್ದ.

ಅನುವಾದ ಮಾಡುವವರಿಗೆ ಮಾತಿನ ಪಿಕ್ಚರು ಕಷ್ಟ ಎಂದು ತಿಳಿದಿದ್ದೆ. ಮಾತಿಲ್ಲದ್ದು ಇನ್ನೂ ಕಷ್ಟ.

"ಏನಂದ ರೀ ಅಂವ?" ಎಂದು ಕತ್ತಲೆಯಿಂದ ಯಾರೋ ಕೇಳಿದರು.

"ಏನೂ ಅಂದಿಲ್ಲ."

"ಬಾಯಿ ಅಳ್ಳಾಡಿತಲ್ಲ ಮತ್ತ?"

"ಹುಲ್ಲುಕಡ್ಡಿ ಜಗ್ಯಾಕತ್ತಾನ."

"ಇಷ್ಟೊತ್ತನ?"

ಅರ್ಧ ತಾಸು ಕಳೆಯುವಷ್ಟರಲ್ಲಿ ಮಂದಿ ಆಕಳಿಸತೊಡಗಿದರು. ದನಗಳು ನಡೆಯುತ್ತಿದ್ದವು, ಧೂಳು ಏಳುತ್ತಿತ್ತು, ಮತ್ತೆ ದನಗಳು ನಡೆಯುತ್ತಿದ್ದವು. ಮಾಮಾ ಹೇಳುವಾಗ ಈ ದನಗಳು ಒಂದು ಗುಟುಕು ಚಹಾದಲ್ಲಿ ಮರುಭೂಮಿ ದಾಟಿಬಿಡುತ್ತಿದ್ದವು. ಅಷ್ಟರಲ್ಲಿ ಹಮಾಲರ ಮುಖಂಡ ಪಕ್ಕದವನಿಗೆ ಮೊಳಕೈಯಿಂದ ತಿವಿದ.

"ಸರ್ ಅಳಾಕತ್ತಾರ ನೋಡಲ್ಲಿ."

ನಿಜ. ಹಾವೇರಿ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಕಣ್ಣು ಕೆಂಪಾಗಿ, ಮೂಗು ಸುರಿಯುತ್ತಿತ್ತು. ಶಟರು ಹಾಕಿದ ಗೋದಾಮಿನಲ್ಲಿ ಅಷ್ಟು ಹೆಣ್ಣುಮಕ್ಕಳು ತೊಟ್ಟು ಮುರಿದರೆ ಏಳುವ ಘಾಟಿಗೆ ಹೊರಗಿನವರು ಹತ್ತು ನಿಮಿಷ ನಿಲ್ಲಲಾರರು. ಪೇಟೆಯವರಿಗೆ ಅದು ಗಾಳಿಯಷ್ಟೇ ರೂಢಿ, ಹಾಗಾಗಿ ಘಾಟು ಯಾರ ತಲೆಗೂ ಹೊಳೆಯಲೇ ಇಲ್ಲ.

"ಯಾಕ ಅಳಾಕತ್ತಾರ? ಬರೇ ದನಾ ನಡ್ಯಾಕತ್ತಾವ."

"ನಮಗ ತಿಳಿಯೂದಿಲ್ಲಲೇ. ಅವು ನಡಿಯೂದ್ರಾಗನ ಏನೋ ಐತಿ. ಸುಮ್ಮನ ನೋಡು."

ಸುದ್ದಿ ಹಿಂದಿನ ಸಾಲಿನ ತನಕ ಹೋಯಿತು. ಆಕಳಿಕೆ ನಿಂತವು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಕರುಣೆಯಿಂದ ದನಗಳನ್ನು ನೋಡತೊಡಗಿದರು. ಸರ್ ಒಮ್ಮೆ ಸೀನಿದಾಗ ಒಬ್ಬ ಮುದುಕ ಲೊಚಗುಟ್ಟಿದ. ಅತ್ತೆ ಮಾತ್ರ ವಿಷಯ ತಿಳಿದು, ಒಂದು ತುಂಡು ಬೆಲ್ಲ ಮತ್ತು ಒದ್ದೆ ಟವೆಲು ಕಳಿಸಿಕೊಟ್ಟಳು. ಮೈಕಿನ ಮುಂದೆ ನಿಂತ ನಾನು ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು.

ಚಹಾಕ್ಕೆಂದು ಒಮ್ಮೆ ಪಿಕ್ಚರು ನಿಲ್ಲಿಸಿ ಶಟರು ಎತ್ತಿದಾಗ ಸರ್ ಹೊರಗಿನ ಗಾಳಿಗೆ ಓಡಿಹೋಗಿ ನಿಂತರು. ಸಾಹುಕಾರರು ಅವರ ಹತ್ತಿರ ಹೋಗಿ ತಮ್ಮ ತೀರ್ಪು ಕೊಟ್ಟರು.

"ಬಣ್ಣ ಐತಿ ರೀ ಸರ್. ಖಾರ ಕಡಿಮಿ."

ಸರ್ ಮೂಗು ಒರೆಸಿಕೊಳ್ಳುತ್ತ, ಇದು ಹೊಗಳಿಕೆಯೋ ಟೀಕೆಯೋ ಎಂಬಂತೆ ನನ್ನ ಮುಖ ನೋಡಿದರು. ಬ್ಯಾಡಗಿ ಮೆಣಸಿನಕಾಯಿಗೆ ಅದೇ ಹೊಗಳಿಕೆ ಎಂದು ನಾನು ಹೇಳಿದೆ. ಅವರು ಅದನ್ನು ಬಹಳ ಮೆಚ್ಚಿದರು.

ಎರಡನೆಯ ಅರ್ಧ ಚೆನ್ನಾಗಿ ಓಡಿತು. ಕೊನೆಯ ಮುಖಾಮುಖಿಯಲ್ಲಿ ಇಬ್ಬರೂ ಗಂಡಸರು ದೂರ ದೂರ ನಿಂತು, ಕೈಗಳನ್ನು ಸೊಂಟದ ಹತ್ತಿರ ಇಟ್ಟುಕೊಂಡು, ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುತ್ತಾರೆ. ಯಾರೂ ಮಾತಾಡುವುದಿಲ್ಲ. ಬರೀ ಕಣ್ಣು, ಬರೀ ಬೆರಳು. ಇಂಗ್ಲಿಷ್ ವಿಮರ್ಶಕರಿಗೆ ಇಲ್ಲಿ ಏನೇನೋ ಕಂಡಿತ್ತು. ಹಾವೇರಿಯ ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿ ಬೆಳೆದವರಿಗೆ ಕಂಡದ್ದು ವ್ಯಾಪಾರ.

"ಬೆರಳು ನೋಡ್ರಿ, ಬೆರಳು. ಗಡ್ಡದಂವ ಇಳಿಸಾಕತ್ತಾನ."

"ಇವ ಬಿಡೂದಿಲ್ಲ. ಕಣ್ಣು ಪಿಳುಕ್ಸವಲ್ಲ ನೋಡು."

"ಆಗೂದಿಲ್ಲದು. ಮುರದು ಬೀಳ್ತೈತಿ."

ಗುಂಡು ಹಾರಿತು. ಗೋದಾಮಿನ ತುಂಬ ಸಿಳ್ಳೆ. ನನಗೆ ಆ ಗಳಿಗೆಯಲ್ಲಿ ನಿಜಕ್ಕೂ ಖುಷಿಯಾಯಿತು, ಮರುಗಳಿಗೆಯೇ ಮುಂದಿನದು ನೆನಪಾಯಿತು. ಇನ್ನು ಉಳಿದದ್ದು ಸವಾರ ಹೊರಟುಹೋಗುವುದೊಂದೇ.

ಅವನು ಹೊರಟ. ಹೆಂಗಸರ ಕಡೆಯಲ್ಲಿ ತೊಟ್ಟು ಮುರಿಯುವ ಸಪ್ಪಳ ನಿಂತಿತು. ಮುಖಂಡ ಮೊದಲೇ ಟವೆಲು ಕೈಗೆ ತೆಗೆದುಕೊಂಡಿದ್ದ. ಸವಾರ ಧೂಳಿನಲ್ಲಿ ಸಣ್ಣವನಾಗುತ್ತ ಹೋಗಿ ಕಾಣದಾದ. ಸಂಗೀತ ಬಂತು. ಹೆಸರುಗಳು ಬರತೊಡಗಿದವು.

"ತಡೀರಿ, ಏಳಬ್ಯಾಡ್ರಿ. ಹೆಸರು ಮುಗಿದ ಮ್ಯಾಲೆ ಬರ್ತೈತಿ," ಎಂದ ಮಾಮಾ.

ಯಾರೂ ಏಳಲಿಲ್ಲ. ಕುದುರೆ ನೋಡಿಕೊಂಡವರ ಹೆಸರು, ಬಟ್ಟೆ ಹೊಲಿದವರ ಹೆಸರು, ಎಲ್ಲ ಹೆಸರುಗಳನ್ನೂ ಬ್ಯಾಡಗಿಯ ಮಂದಿ ಕೂತು ನೋಡಿದರು. ಆ ಪಿಕ್ಚರಿಗೆ ಕೆಲಸ ಮಾಡಿದವರಿಗೆ ಅಷ್ಟು ಮರ್ಯಾದೆ ಬೇರೆ ಎಲ್ಲಿಯೂ ಸಿಕ್ಕಿರಲಾರದು. ಕೊನೆಗೆ ಧೋತರದ ಮೇಲೆ ಬರೀ ನೀಲಿ ಬೆಳಕು ಉಳಿಯಿತು. ಯಾರೋ ಶಟರು ಎತ್ತಿದರು.

"ಕುದುರಿ ಎಲ್ಲಿ?" ಎಂದ ಮುಖಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಗೆ ಬರಬೇಕಾದವರು ಬರದಿದ್ದಾಗಿನ ಕಳವಳವಿತ್ತು. "ಸಿಡಿಯಾಗ ಕತ್ತರಿ ಹಾಕ್ಯಾರೇನು?"

ಎಲ್ಲರೂ ಸರ್ ಕಡೆಗೆ ನೋಡಿದರು. ಅವರು ಕೆಂಪು ಕಣ್ಣುಗಳನ್ನು ಒತ್ತಿಕೊಳ್ಳುತ್ತ ಎದ್ದು ನಿಂತರು.

"ಇದರ ಬ್ಯಾರೆ ಬ್ಯಾರೆ ಪ್ರತಿ ಅವ. ಆದ್ರ ಕುದುರಿ ತಿರುಗಿ ಬರೂದು ನಾ ಓದಿದ ಮಟ್ಟಿಗೆ ಯಾವುದ್ರಾಗೂ ಇಲ್ಲ. ಅಂವ ಯಾರ ಮನೀಗೂ ಸೇರದಂವ ಅನ್ನೂದ ಈ ಚಿತ್ರದ ಅರ್ಥ ಅದ."

ಸಾಹುಕಾರರು ಮಾಮಾನ ಕಡೆ ತಿರುಗಿದರು. ಅವರು ಕೆಟ್ಟ ಮನುಷ್ಯರಲ್ಲ, ನಾಲಿಗೆ ಮಾತ್ರ ಮುಂದೆ ಓಡುತ್ತಿತ್ತು. "ಏನ್ ದೋಸ್ತ, ಮ್ಯಾಲೊಂದು ಬುಡಕೊಂದು ಆತಲ್ಲ ಇದು," ಎಂದರು.

ಮಾಮಾ ನನ್ನ ಕಡೆ ನೋಡಿ, "ಹೌದೇನವಾ? ಇಲ್ಲೇನು ಅದು?" ಎಂದ. ಇಲ್ಲವೆಂದು ನಾನು ತಲೆ ಅಲ್ಲಾಡಿಸಿದೆ. ಆ ಮೈಕನ್ನು ಎಲ್ಲಾದರೂ ಎಸೆದು ಓಡಿಹೋಗಬೇಕೆನಿಸಿತು.

ಮಾಮಾ ಎದ್ದು ನಿಂತ. "ಸುಳ್ಳು ಹೇಳಾಕ ನನಗೇನು ಬಂದೈತಿ? ನನ್ನ ಕಣ್ಣಿಲೆ ನೋಡೇನಿ ನಾ. ಹೊತ್ತು ಮುಣಗಾಕತ್ತಿತ್ತು. ಹಗ್ಗ ನೆಲದಾಗ ಎಳ್ಯಾಕತ್ತಿತ್ತು. ಮೂಗಿನ್ಯಾಗ ಬುರುಗು ಬಂದಿತ್ತು. ಸಪ್ಪಳಾ ಕೇಳಿ ಬಾಗಲಾ ತಗದವನ ನಾನು..."

ಅಲ್ಲಿಗೆ ಅವನ ಮಾತು ನಿಂತಿತು. ತಾನು ಏನು ಹೇಳಿದೆ ಎಂಬುದು ಅವನಿಗೇ ಆಗ ಕೇಳಿಸಿದ ಹಾಗಿತ್ತು.

ಹೆಂಗಸರ ನಡುವಿನಿಂದ ಅತ್ತೆ ಮಾತಾಡಿದಳು. ಅಷ್ಟು ಗಂಡಸರ ಮುಂದೆ ಅವಳು ಮಾತಾಡಿದ್ದನ್ನು ನಾನು ಅಲ್ಲಿತನಕ ಕೇಳಿರಲಿಲ್ಲ.

"ಹೌದ್ರಿ. ನೀವ ತಗದೀರಿ. ನೀವು ನೋಡಿದ್ದು ಖರೇ ಐತಿ. ಟಾಕೀಸಿನ್ಯಾಗ ಅಲ್ಲ ಅಷ್ಟ. ಅದು ಮಾವನೋರ ಚಕ್ಕಡಿ ಎತ್ತು. ನೀರು ಕುಡಿಸಿದಾಕಿ ನಮ್ಮತ್ತಿ. ಸಾಯೂ ಮುಂದ ಅವ್ರ ನನಗ ಹೇಳ್ಯಾರ."

ನನ್ನ ಅಜ್ಜ, ಅಂದರೆ ಮಾಮಾನ ಅಪ್ಪ, ದಾರಿಯಲ್ಲಿ ತೀರಿಕೊಂಡ ಎಂಬುದಷ್ಟೇ ನನಗೆ ಗೊತ್ತಿತ್ತು. ನನ್ನ ಅವ್ವ ಆಗ ತೊಟ್ಟಿಲ ಕೂಸು, ಅವಳಿಗೂ ಹೆಚ್ಚು ತಿಳಿದಿರಲಿಲ್ಲ. ಅಜ್ಜ ಚಕ್ಕಡಿ ಕಟ್ಟಿಕೊಂಡು ಹೊಳೆದಂಡೆಯ ಮೇಡ್ಲೇರಿಗೆ ಹೋಗಿದ್ದನಂತೆ. ಅಲ್ಲಿ ಬೀಗರ ಮನೆಗೆ ಮೆಣಸಿನಕಾಯಿ ಕೊಟ್ಟು ಭತ್ತ ಹೇರಿಕೊಂಡು ಮರಳುವಾಗ, ಕದರಮಂಡಲಗಿ ದಾಟಿದ ಮೇಲೆ ಎಲ್ಲೋ ಕೆಳಗಿಳಿದವನು ಅಲ್ಲೇ ಕುಸಿದಿದ್ದ. ಎತ್ತುಗಳು ಕಾದು ನೋಡಿ, ತಾವೇ ಮನೆಯ ದಾರಿ ಹಿಡಿದಿದ್ದವು. ಬಾಗಿಲು ತೆಗೆದ ಮಾಮಾ ಆಗ ಸಾಲೆಗೆ ಹೋಗುವ ವಯಸ್ಸಿನವನು. ಅಪ್ಪನ ಸಾವಿನ ಬಗ್ಗೆ ಅವನು ಜನ್ಮದಲ್ಲಿ ಯಾರ ಮುಂದೆಯೂ ಒಂದು ಮಾತು ಆಡಿರಲಿಲ್ಲ. ಅಪ್ಪ ಎಂದರೆ ಎದ್ದು ಹೋಗುತ್ತಿದ್ದ. ಆದರೆ ವಾರಕ್ಕೊಮ್ಮೆ, ಚಹಾ ಕುಡಿಯುತ್ತ, ಪಿಕ್ಚರು ಎಂದುಕೊಂಡು ಅದನ್ನೇ ಹೇಳುತ್ತಿದ್ದ. ಹೇಳುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಮಾಮಾ ಕುರ್ಚಿಯ ಮೇಲೆ ಕೂತ. ಮೊದಲು ಸಾಹುಕಾರರು ತಮ್ಮ ಕರಿ ಟೋಪಿ ತೆಗೆದರು.

"ಆ ತಾಯಿ ಕೈಯಾಗಿನ ರೊಟ್ಟಿ ತಿಂದೇನಿ ನಾ. ಇಷ್ಟು ವರ್ಷ ಆಕಿಗೆ ಬೈಕೋತ ಬಂದ್ನೇನು?"

"ನೀವೇನ ನಮ್ಮವ್ವಗ ಬೈದೀರಿ?" ಎಂದ ಮಾಮಾ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಸಣ್ಣ ನಗು ಮೂಡಿತ್ತು. "ನೀವು ಇಂಗ್ಲಿಷ್ ಹೆಣಮಗಳಿಗೆ ಬೈದೀರಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮುಖಂಡ, ಪೇಟೆಯನ್ನು ಅಷ್ಟು ವರ್ಷ ಎರಡು ಭಾಗ ಮಾಡಿದ ಪ್ರಶ್ನೆಯನ್ನು ಮೆಲ್ಲಗೆ ಕೇಳಿದ.

"ಮತ್ತ ಆಯಿ ಮೊದಲ ನೀರ ಯಾಕ ಕುಡಿಸಿದ್ರು ರೀ, ಮಾಲಕರ?"

ಮಾಮಾ ಖಾಲಿ ಧೋತರದ ಕಡೆಗೆ ತಿರುಗಿದ. ಅವನು ನೆನಪು ಮಾಡಿಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದ.

"ಅಪ್ಪ ಎಲ್ಲಿ ಅದಾನ ಅನ್ನೂದು ನಮಗ ಎಲ್ಲಿ ಗೊತ್ತಿತ್ತೋ? ಅವಕ್ಕ ಗೊತ್ತಿತ್ತು. ನೀರು ಕುಡಿಸಿ, ಮೈ ತಿಕ್ಕಿ, ಚಕ್ಕಡಿ ತಿರುವಿ ದಾರಿಗೆ ಹಚ್ಚಿದ್ಲು. ಎತ್ತು ಮುಂದ, ನಮ್ಮವ್ವ ಕಂದೀಲು ಹಿಡಕೊಂಡು ಹಿಂದ. ಹೋಗಿ ಖರೇನ ಅಪ್ಪನ ಹಂತ್ಯಾಕನ ನಿಂತ್ವು. ಬಾಯಾರಿದ ಎತ್ತು ಅಷ್ಟು ದೂರ ತಿರುಗಿ ಹೋಗ್ತಿದ್ವೇನು?"

ಸಾಹುಕಾರರು ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಸೋತೆ ನಾನು," ಎಂದರು. ವ್ಯಾಜ್ಯ ಅಲ್ಲಿಗೆ ತೀರಿತು. ಹಾವೇರಿ ಸರ್ ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಶಟರು ಎತ್ತಿಯಾಗಿತ್ತು, ಘಾಟು ಹೊರಗೆ ಹೋಗಿಯಾಗಿತ್ತು.

ಆ ಸಂಜೆ ಯಾರೂ ಬೇಗ ಮನೆಗೆ ಹೋಗಲಿಲ್ಲ. ಮಾಮಾ ಅಪ್ಪನ ಬಗ್ಗೆ ಹೇಳಿದ. ಅಪ್ಪ ರೊಟ್ಟಿಯನ್ನು ಹೇಗೆ ಮುರಿಯುತ್ತಿದ್ದ, ಎತ್ತುಗಳ ಜೊತೆ ಜಗಳ ಹೇಗೆ ಆಡುತ್ತಿದ್ದ, ಮೇಡ್ಲೇರಿಯಿಂದ ಬರುವಾಗಲೆಲ್ಲ ಹೊಳೆಯ ಮೀನಿನ ಕಥೆ ಎಷ್ಟು ಉದ್ದ ಮಾಡಿ ಹೇಳುತ್ತಿದ್ದ ಎಂಬುದೆಲ್ಲ ಬಂತು. ನಮ್ಮ ಮಾಮಾನಿಗೆ ಕಥೆ ಉದ್ದ ಮಾಡುವ ಗುಣ ಎಲ್ಲಿಂದ ಬಂತೆಂದು ಅಂದು ತಿಳಿಯಿತು. ಅತ್ತೆ ಅಷ್ಟೂ ಮಂದಿಗೆ ಮಂಡಕ್ಕಿ ಕಲಸಿಕೊಟ್ಟಳು. ನಾನು ಅವಳ ಪಕ್ಕಕ್ಕೆ ಹೋಗಿ ಉಳ್ಳಾಗಡ್ಡಿ ಹೆಚ್ಚುತ್ತ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಾ ಹೇಳಿದ್ರ ಎದ್ದು ಹೋಗಿಬಿಡ್ತಿದ್ರು. ಆ ಸೀನ್ ಅದ್ರಾಗ ಇಲ್ಲ ಅನ್ನೂದು ಕಣ್ಣಿಲೆ ನೋಡಿದ ಮ್ಯಾಲೆ ಎದ್ದು ಹೋಗಾಕ ಆಗೂದಿಲ್ಲ," ಎಂದಳು.

ಹಾವೇರಿ ಸರ್ ಆ ವಾರ ಪಿಕ್ಚರಿನ ಬಗ್ಗೆ ದೊಡ್ಡ ಲೇಖನ ಬರೆದರು. ನಿರ್ದೇಶಕ ದೊಡ್ಡವನೇ, ಆದರೆ ಅಂತ್ಯದಲ್ಲಿ ಅವನಿಗೆ ಒಂದು ಸೀನು ಹೊಳೆಯಲಿಲ್ಲ ಎಂದಿದ್ದರು. ಮುಖಂಡ ಅದನ್ನು ನನ್ನಿಂದ ಓದಿಸಿ ಕೇಳಿ, ಪಿಕ್ಚರು ತೆಗೆದವರಿಗೆ ಇದನ್ನು ತಿಳಿಸಬೇಕು ಎಂದು ಬಹಳ ದಿನ ಪಟ್ಟು ಹಿಡಿದಿದ್ದ.

ಇನ್ನು ಮಾಮಾ ಆ ಕಥೆ ಹೇಳುವುದಿಲ್ಲ ಎಂದುಕೊಂಡಿದ್ದೆ. ದೀಪಾವಳಿ ಕಳೆದು ಪೇಟೆ ತುಂಬುವ ಹೊತ್ತಿಗೆ ಒಂದು ದಿನ ಅಂಗಡಿಗೆ ಹೋದರೆ ಗಾದಿಯ ಸುತ್ತ ಮಂದಿ ಕೂತಿದ್ದರು. ಬಾವಿ, ವಿಧವೆ, ದನಗಳು, ಗುಂಡು, ಎಲ್ಲವೂ ಮೊದಲಿನ ಹುಮ್ಮಸ್ಸಿನಲ್ಲೇ ಬಂದವು. ಸವಾರ ಧೂಳಿನಲ್ಲಿ ಹೊರಟುಹೋದ. ಮಾಮಾ ಚಹಾದ ಕಪ್ಪು ಕೆಳಗಿಟ್ಟು, ಟವೆಲಿನಿಂದ ಬಾಯೊರೆಸಿಕೊಂಡು, ಮಂದಿಯನ್ನು ಒಮ್ಮೆ ನೋಡಿದ.

"ಇಲ್ಲೀತನಕ ಅವರದು," ಎಂದ. "ಇಲ್ಲಿಂದ ಮುಂದ ನಮ್ಮಪ್ಪಂದು."